ಬೆರೆಸುವ ಹೊತ್ತಿನ ಮೌನ

ಆ ದಿನ ಬೆಳಗ್ಗೆ ಊರಿಗಿಂತ ಮೊದಲು ಎದ್ದದ್ದು ಗಾಳಿ. ಮಳೆಯಿಲ್ಲ, ಹೇಳಿಕೊಳ್ಳುವಂಥ ಮೋಡವೂ ಇಲ್ಲ, ಬರೀ ಗಾಳಿ. ಕಡಲಿನ ಕಡೆಯಿಂದ ಉಪ್ಪು ಹೊತ್ತು ಬಂದು, ಕಂಡಕಂಡವರ ಕಣ್ಣಿಗೆ ಮರಳು ಎರಚುವ ಗಾಳಿ. ಬೀದಿಯ ಅಂಗಡಿಗಳ ತಗಡಿನ ಬೋರ್ಡುಗಳು ಹಳೇ ಜಗಳ ನೆನಪಾದವರ ಹಾಗೆ ಒಂದರ ಮೇಲೊಂದು ಬಡಿದಾಡುತ್ತಿದ್ದವು. ಔಷಧದಂಗಡಿಯ ಸೊಸೆ ಷಟರ್ ಎತ್ತಿ ಒಳಗೆ ಕಾಲಿಡುವಷ್ಟರಲ್ಲಿ ಅವಳ ಸೆರಗೂ ಕೂದಲೂ ಅವಳ ಮಾತು ಕೇಳುವುದನ್ನು ಬಿಟ್ಟಿದ್ದವು. ಬಾಗಿಲು ಹಾಕಿಕೊಂಡು, ಕೈಮುಗಿದು, ದೀಪ ಹಾಕಿ, ಕಂಪ್ಯೂಟರಿನ ಗುಂಡಿ ಒತ್ತಿದಳು. ದಿನವೂ ಇದೇ ಕ್ರಮ.

ಅದು ಕಂಡೆಡೆಯಲ್ಲೆಲ್ಲ ಸಿಗುವ ಔಷಧದಂಗಡಿಯಲ್ಲ. ಕಂಪನಿಗಳು ಮಾತ್ರೆ ಮಾಡುವುದು ಬೆಳೆದವರ ಲೆಕ್ಕಕ್ಕೆ. ಹಸುಗೂಸಿನ ಹೃದಯಕ್ಕೆ ಕಾಯಿಲೆ ಬಂದರೆ ಆ ಮಾತ್ರೆಯನ್ನು ಯಾರಾದರೂ ಪುಡಿ ಮಾಡಿ, ಪಾಕದಲ್ಲಿ ಕರಗಿಸಿ, ಹನಿಹನಿಯಾಗಿ ಗಂಟಲಿಗೆ ಇಳಿಯುವ ಹಾಗೆ ಹದಗೊಳಿಸಬೇಕು. ಆ ಕೆಲಸವನ್ನು ಮಾವ ತಮ್ಮ ಆಯುಷ್ಯವೆಲ್ಲ ಮಾಡಿದ್ದರು. ಅವರ ಕೈ ನಡುಗಲು ಶುರುವಾದ ಮೇಲೆ ಮಾತ್ರೆ ಅರೆಯುವ ಮಾರ್ಟರು ಸೊಸೆಯ ಕೈಗೆ ಬಂತು. ಫಾರ್ಮಸಿಯನ್ನೇ ಓದಿ ಬಂದವಳು ಅವಳು. ಅವಳ ಗಂಡ ಪಕ್ಕದೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಬೆಳಗ್ಗೆ ಹೋದರೆ ಸಂಜೆಗೇ ಬರುವುದು.

ಮಾವನ ಅಂಗಡಿಗೆ ಎರಡು ಕಟ್ಟಳೆ. ಒಂದು, ಬೆರೆಸುವ ಹೊತ್ತಿನಲ್ಲಿ ಮೌನ. ಔಷಧಿ ಬೆರೆಸುವವರ ಜತೆ ಯಾರೂ ಮಾತಾಡಬಾರದು, ಯಾವುದೂ ಸದ್ದು ಮಾಡಬಾರದು. ರೇಡಿಯೊ ಆರಿಸಿ, ಬಾಗಿಲಿನ ಗಂಟೆಗೆ ಬಟ್ಟೆ ಸುತ್ತಿ, ಫೋನಿನ ಬಾಯಿ ಕಟ್ಟಿ, ಮೌನ ಹಾಕಿದವರು ಹಿಂದಿನ ಕೋಣೆಗೆ ಹೋಗಿ ಕೂರಬೇಕು. ಬೆರೆಸುವವರು ಕೆಲಸ ಮುಗಿಸಿ "ಆಯ್ತು" ಅನ್ನುವ ತನಕ ಆ ಮೌನವನ್ನು ಯಾರೂ ಬಿಚ್ಚುವಂತಿಲ್ಲ. ಮಾವ ಆ ಹೊತ್ತನ್ನು ಪ್ರಾರ್ಥನೆಗೆ ಬಳಸುತ್ತಿದ್ದರು. "ನೀನು ಕೈಯಲ್ಲಿ ಬೆರೆಸು, ನಾನು ಮನಸ್ಸಲ್ಲಿ ಬೆರೆಸ್ತೀನಿ" ಅನ್ನುವುದು ಅವರ ಮಾತು.

ಇನ್ನೊಂದು ಕಟ್ಟಳೆ, ಬಾಟಲಿ ಹೊಸಿಲು ದಾಟುವ ಮುಂಚೆ ಎರಡು ಜೊತೆ ಕಣ್ಣು ಅದನ್ನು ನೋಡಿರಬೇಕು. ಬೆರೆಸಿದವರ ಕಣ್ಣು ಒಂದು, ಬೆರೆಸದವರ ಕಣ್ಣು ಇನ್ನೊಂದು. ತಾನು ಮಾಡಿದ ತಪ್ಪು ತನಗೇ ಕಾಣಿಸುವುದಿಲ್ಲ, ಅದು ಕಣ್ಣಿನ ಗುಣ, ಕಣ್ಣನ್ನು ಬೈದು ಉಪಯೋಗವಿಲ್ಲ ಎನ್ನುತ್ತಿದ್ದರು ಮಾವ.

ಕಂಪ್ಯೂಟರಿನಲ್ಲಿ ಒಂದು ಮೇಲ್ ಬಂದಿತ್ತು. ಕಡಲಾಚೆಯ ದ್ವೀಪದ ಆಸ್ಪತ್ರೆಯ ಸಿಸ್ಟರ್ ಬರೆದದ್ದು. ಆಕೆ ಮೇಲ್ ಬರೆಯುವುದೂ ಮಾತಾಡಿದ ಹಾಗೆಯೇ.

"ನಿನ್ನೆ ಸಂಜೆ ದೋಣಿಲಿ ಪುಟ್ಟನ ಬಾಟಲಿ ಬಂತು. ರಾತ್ರಿ ಗಾಳಿಗೆ ಟವರ್ ಬಿದ್ದು ನಮ್ಮ ಫೋನುಗಳೆಲ್ಲ ಸತ್ತಿವೆ. ಮಹಡಿ ಮೇಲಿನ ಸ್ಯಾಟಲೈಟ್ ತಟ್ಟೆ ಮಾತ್ರ ಇನ್ನೂ ಉಸಿರಾಡ್ತಿದೆ, ಏನಾದ್ರೂ ಹೇಳೋದಿದ್ರೆ ಮೇಲ್ ಮಾಡಿ. ಹಳೇ ಬಾಟಲಿ ತಳ ಕಾಣ್ತಾ ಇದೆ. ಇವತ್ತು ಮಧ್ಯಾಹ್ನದ ಹಾಲಿಗೆ ಮುಂಚೆ ಹೊಸದರಲ್ಲಿ ಶುರು ಮಾಡ್ತೀವಿ."

ಸೊಸೆ ಓದಿ ನಸುನಕ್ಕಳು. ಹೃದಯದ ಕಾಯಿಲೆಯ ಆ ಹಸುಗೂಸಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಪುಟ್ಟ ಎನ್ನುತ್ತಿದ್ದರು. ಉತ್ತರ ಆಮೇಲೆ ಬರೆದರಾಯಿತು ಎಂದುಕೊಂಡಳು.

ಮಾವ ಮಹಡಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದರು. "ಇವತ್ತು ಯಾರದಮ್ಮಾ?"

"ಅವಳಿ ಮಕ್ಕಳದು ಮಾವ. ಪುಟ್ಟನಿಗೆ ಕೊಟ್ಟದ್ದೇ ಔಷಧಿ, ಹೃದಯದ್ದು."

"ಸರಿ. ಕೈ ತೊಳ್ಕೋ. ನಾನು ಮೌನ ಹಾಕ್ತೀನಿ."

ಅವಳು ಬೆನ್ನು ತಿರುಗಿಸಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದಾಗ ಹಿಂದೆ ರೇಡಿಯೊ ಆರಿತು. ಗಂಟೆಗೆ ಬಟ್ಟೆ ಸುತ್ತಿದ ಸರಬರ ಕೇಳಿಸಿತು. ಕುರ್ಚಿ ಕಿರ್ರೆಂದಿತು, ಮೌಸು ಒಂದೆರಡು ಸಲ ಟಿಕ್ಕೆಂದಿತು. ಆಮೇಲೆ ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಅಂಗಡಿಯಲ್ಲಿ ಉಳಿದದ್ದು ಹೊರಗಿನ ಗಾಳಿಯೊಂದೇ. ಅದಕ್ಕೆ ಮಾವನ ಕಟ್ಟಳೆ ಗೊತ್ತಿರಲಿಲ್ಲ.

ಕೈ ಒರೆಸಿಕೊಂಡು ಬೀರು ತೆರೆದಳು. ಬಿಳಿ ಪೆಟ್ಟಿಗೆ, ಅದರ ಮೇಲೆ ನೀಲಿ ಪಟ್ಟಿ. ನಿನ್ನೆಯಷ್ಟೇ ಒಡೆದ ಹೊಸ ಪೆಟ್ಟಿಗೆ. ಹೊರತೆಗೆದು ಮೇಜಿನ ಮೇಲಿಟ್ಟಳು. ಹೆಬ್ಬೆರಳು ಅಂಕಿಯ ಮೇಲಿತ್ತು. ಹೆಬ್ಬೆರಳು ಸರಿಸಿ ಓದಿದಳು.

ಮತ್ತೊಂದು ಸಲ ಓದಿದಳು.

ಕಸದ ಬುಟ್ಟಿಗೆ ಬಗ್ಗಿ ಹಿಂದಿನ ಖಾಲಿ ಪೆಟ್ಟಿಗೆಯನ್ನು ತೆಗೆದು ಪಕ್ಕದಲ್ಲಿಟ್ಟಳು. ಅದೇ ಬಿಳುಪು, ಅದೇ ನೀಲಿ, ಅದೇ ಕಂಪನಿ. ಅಂಕಿ ಮಾತ್ರ ಬೇರೆ. ಹೊಸ ಮಾತ್ರೆ ಹಳೆಯದರ ನಾಲ್ಕರಷ್ಟು ಬಲದ್ದು. ನಿನ್ನೆ ಪುಟ್ಟನ ಬಾಟಲಿಗೆ ಅವಳು ಪುಡಿ ಮಾಡಿದ್ದು ಈ ಹೊಸ ಪೆಟ್ಟಿಗೆಯ ಮಾತ್ರೆಗಳನ್ನು. ಹಾಕಿದ ಲೆಕ್ಕ ಮಾತ್ರ ಹಳೇ ಪೆಟ್ಟಿಗೆಯದು.

ಭಯ ಅನ್ನುವುದು ಮೊದಲು ಕಾಲಿಗೆ ಬರುತ್ತದೋ ಹೊಟ್ಟೆಗೆ ಬರುತ್ತದೋ ಅವಳಿಗೆ ಅಷ್ಟರವರೆಗೆ ಗೊತ್ತಿರಲಿಲ್ಲ. ಅದು ಬಂದದ್ದು ಕಿವಿಗೆ. ಗಾಳಿಯ ಸದ್ದು ನಿಂತುಹೋಯಿತು. ತನ್ನ ರಕ್ತ ಹರಿಯುವ ಸದ್ದೇ ಕೇಳಿಸತೊಡಗಿತು. ಆಮೇಲೆ ಸ್ಟೂಲು ಎಳೆದುಕೊಂಡು ಕೂತಳು. ಆ ಔಷಧಿ ಎಷ್ಟು ಒಳ್ಳೆಯದೋ ಅಷ್ಟೇ ಕೆಟ್ಟದ್ದು. ಹೃದಯದ ಓಟವನ್ನು ಹಿಡಿದು ನಿಧಾನ ಮಾಡುವುದು ಅದರ ಕೆಲಸ. ನಾಲ್ಕರಷ್ಟು ಕೊಟ್ಟರೆ ಹಿಡಿದದ್ದನ್ನು ಬಿಡುವುದೇ ಇಲ್ಲ.

ಪುಟ್ಟನ ಮುಖ ಅವಳು ನೋಡಿರಲಿಲ್ಲ. ಅವನ ತೂಕ ಮಾತ್ರ ಬಾಯಿಪಾಠವಾಗಿತ್ತು.

ನಿನ್ನೆ ಆದದ್ದಿಷ್ಟು. ಹಲ್ಲುನೋವಿನಿಂದ ಹಿಂದಿನ ರಾತ್ರಿ ಕಣ್ಣು ಮುಚ್ಚದ ಮಾವ ಸಂಜೆ ಹೊತ್ತಿಗೆ ನಿದ್ದೆ ಹೋಗಿದ್ದರು. ಬಾಟಲಿ ಸಿದ್ಧವಾಗಿತ್ತು. ದೋಣಿ ಕೂಗು ಹಾಕಿತ್ತು. ಸೊಸೆ ಬಾಟಲಿ ಹಿಡಿದು ಮಾವನ ಬಾಗಿಲವರೆಗೆ ಹೋಗಿದ್ದಳು. ಬಾಯಿ ತೆರೆದು ಮಲಗಿದ್ದ ಆ ಮುಖ ನೋಡಿ, ಪಾಪ, ಈಗ ತಾನೇ ಕಣ್ಣು ಹತ್ತಿದೆ ಎಂದುಕೊಂಡು ಹಾಗೆಯೇ ತಿರುಗಿ ಬಂದಿದ್ದಳು. ಇಷ್ಟು ಸಲ ಮಾಡಿದ್ದೇನೆ, ಒಂದು ಸಲವಾದರೂ ತಪ್ಪಿದೆಯಾ ಎಂದು ತನಗೆ ತಾನೇ ಹೇಳಿಕೊಂಡು ಮುಚ್ಚಳಕ್ಕೆ ಪಟ್ಟಿ ಅಂಟಿಸಿ ಕಳಿಸಿದ್ದಳು.

ಫೋನ್ ತೆಗೆದು ದ್ವೀಪದ ಆಸ್ಪತ್ರೆಗೆ ಹಚ್ಚಿದಳು. ಅತ್ತಲಿಂದ ಸದ್ದೇ ಇಲ್ಲ. ದೋಣಿ ಕಚೇರಿಗೆ ಹಚ್ಚಿದಳು.

"ದೋಣಿನಾ? ಹೊರಗೆ ಇಣುಕಿ ನೋಡಿದ್ದೀರಾ ತಾಯಿ?" ಎಂದಿತು ಅತ್ತಲಿನ ದನಿ. "ಇವತ್ತು ಮೀನೂ ರಜಾ ಹಾಕಿದೆ."

"ವೈರ್‌ಲೆಸ್ ಇದೆಯಲ್ಲ? ಆ ಕಡೆ ದಕ್ಕೆಗೆ ಒಂದು ಮಾತು ಹೇಳೋಕಾಗುತ್ತಾ? ತುಂಬಾ ತುರ್ತು."

"ದೋಣಿ ಇಲ್ಲದ ದಿನ ಆ ದಕ್ಕೆಲಿ ಯಾರು ಕೂತಿರ್ತಾರೆ? ಬೆಳಗ್ಗಿಂದ ಕೂಗ್ತಾನೇ ಇದ್ದೀನಿ, ಗೋಡೆ ಜೊತೆ ಮಾತಾಡಿದ ಹಾಗಾಗ್ತಿದೆ. ಯಾರಾದ್ರೂ ಸಿಕ್ಕಿದ್ರೆ ಹೇಳ್ತೀನಿ."

ಉಳಿದದ್ದು ಮೇಲ್ ಒಂದೇ. ಕೀಲಿಮಣೆ ಎಳೆದುಕೊಂಡು ಬರೆದಳು. "ಪುಟ್ಟನಿಗೆ ಹೊಸ ಬಾಟಲಿಯಿಂದ ಔಷಧಿ ಕೊಡಬೇಡಿ. ಬಲ ನಾಲ್ಕು ಪಟ್ಟು ಹೆಚ್ಚಿದೆ. ತಪ್ಪು ನನ್ನದು. ಹಳೆಯದೇ ಮುಂದುವರಿಸಿ. ಓದಿದ ತಕ್ಷಣ ಉತ್ತರ ಬರೆಯಿರಿ." ಎರಡೂ ಪೆಟ್ಟಿಗೆಗಳ ಫೋಟೊ ತೆಗೆದು ಜೊತೆಗೆ ಸೇರಿಸಿದಳು. ಕಳಿಸು ಎಂಬುದನ್ನು ಒತ್ತಿ, ಕಣ್ಣು ಮುಚ್ಚಿ, ದೇವರೇ ಎಂದಳು.

ಕಣ್ಣು ತೆರೆದಾಗ ಮೇಲ್ ಔಟ್‌ಬಾಕ್ಸಿನಲ್ಲಿ ಕೂತಿತ್ತು. ಹೊರಟವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ. ಸ್ವಲ್ಪ ಕಾದಳು. ಅಲುಗಲಿಲ್ಲ. ಫೋಟೊ ಭಾರವಾಯಿತೇನೋ ಎಂದು ಅದನ್ನು ಕಿತ್ತು ಬರೀ ಮಾತನ್ನು ಕಳಿಸಿದಳು. ಅದೂ ಹೋಗಿ ಮೊದಲನೆಯದರ ಹಿಂದೆ ಸಾಲು ನಿಂತಿತು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಬೆರಳಿಟ್ಟು ನೋಡಿ ಇನ್ನೊಂದು ಕಳಿಸಿದಳು. ಮತ್ತೊಂದು ಕಳಿಸಿದಳು. ಸಾಲು ಬೆಳೆಯಿತು, ಬಾಗಿಲು ತೆರೆಯಲಿಲ್ಲ.

ಊರಿನ ಕಂಪ್ಯೂಟರುಗಳಿಗೆಲ್ಲ ವೈದ್ಯನಂತಿದ್ದವನು ತಂತಿ. ಮೈಯೂ ತಂತಿಯ ಹಾಗೆ, ಚೀಲದಲ್ಲೂ ಸದಾ ತಂತಿ. ಹೆತ್ತವರಿಟ್ಟ ಹೆಸರು ಅವನಿಗೇ ಮರೆತಿರಬೇಕು. ಅವನಿಗೆ ಫೋನ್ ಹಚ್ಚಿ, ಹಿಂದಿನ ಕೋಣೆಯ ಬಾಗಿಲ ಮೇಲೊಂದು ಕಣ್ಣಿಟ್ಟು, ಪಿಸುದನಿಯಲ್ಲಿ ಹೇಳಿದಳು.

"ಏನಕ್ಕಾ, ಕಳ್ಳರು ಬಂದಿದ್ದಾರಾ? ಯಾಕೆ ಪಿಸುಗುಟ್ತೀರಿ?"

"ಮೇಲ್ ಹೋಗ್ತಿಲ್ಲ ಕಣಪ್ಪಾ. ಔಟ್‌ಬಾಕ್ಸಲ್ಲೇ ಕೂತಿದೆ. ಈಗಲೇ ಹೋಗ್ಬೇಕು, ಈಗಲೇ."

"ಎಲ್ಲರ ಮೇಲೂ ಈಗಲೇ ಹೋಗ್ಬೇಕಕ್ಕಾ. ನಾಳೆ ಹೋದ್ರೂ ಪರವಾಗಿಲ್ಲ ಅಂದವರನ್ನ ನಾನಿನ್ನೂ ಕಂಡಿಲ್ಲ. ಸರಿ, ನೆಟ್ ಇದೆಯಾ? ಯಾವುದಾದ್ರೂ ಪೇಜ್ ತೆಗೀರಿ ನೋಡೋಣ."

ತೆರೆದಳು. ಬಂತು.

"ನೆಟ್ ಇದೆ. ಪೆಟ್ಟಿಗೆ ತುಂಬಿರ್ಬೇಕು ಹಾಗಾದ್ರೆ. ನಿಮ್ಮ ಮಾವ ಮೇಲುಗಳನ್ನ ಅಳಿಸೋ ಪೈಕಿ ಅಲ್ಲ. ಹಳೇದೆಲ್ಲಾ ಅಳಿಸಿ."

ಅಳಿಸಿದಳು. ಯಾವ ಕಾಲದ್ದೋ ಜಾಹೀರಾತು, ಯಾರದೋ ಶುಭಾಶಯ, ಔಷಧ ಕಂಪನಿಗಳ ಬೆಲೆಪಟ್ಟಿ, ಕಣ್ಣಿಗೆ ಬಿದ್ದದ್ದೆಲ್ಲ ಹೋಯಿತು. ಔಟ್‌ಬಾಕ್ಸಿನ ಸಾಲು ಮಾತ್ರ ನಿಂತಲ್ಲೇ ನಿಂತಿತ್ತು.

"ಹೋಗ್ಲಿಲ್ಲ."

"ಏನಾದ್ರೂ ತಪ್ಪು ತೋರಿಸ್ತಿದೆಯಾ? ಕೆಂಪಕ್ಷರ, ಪಾಸ್‌ವರ್ಡ್ ಕೇಳೋದು, ಸರ್ವರ್ ಸಿಗ್ತಿಲ್ಲ ಅನ್ನೋದು?"

"ಇಲ್ಲ. ಏನೂ ಹೇಳ್ತಾನೇ ಇಲ್ಲ. ಸುಮ್ಮನೆ ಕೂತಿದೆ."

"ಅದೇ ಕಷ್ಟ ನೋಡಿ. ಬೈಯೋ ಯಂತ್ರನ ಸರಿ ಮಾಡಬಹುದು, ಮುನಿಸಿಕೊಂಡು ಕೂತದ್ದನ್ನ ಏನು ಮಾಡೋದು? ಒಂದ್ಸಲ ಆರಿಸಿ ಹಾಕಿ."

ಆರಿಸಿ ಹಾಕಿದಳು. ಪರದೆ ಕಪ್ಪಾಗಿ, ಬೂದುಬಣ್ಣವಾಗಿ, ನೀಲಿಯಾಗಿ, ಪುನಃ ಬೆಳಕಾಯಿತು. ಹೊರಗೆ ಬಿಸಿಲು ಎದುರು ಮನೆಯ ಗೋಡೆಯಿಂದ ಇಳಿದು ರಸ್ತೆಗೆ ಬಂದಿತ್ತು. ದ್ವೀಪದ ವಾರ್ಡಿನಲ್ಲೂ ಇದೇ ಬಿಸಿಲು ಕಿಟಕಿಯಿಂದ ಇಳಿಯುತ್ತಿರಬೇಕು. ಸಿಸ್ಟರ್ ಕೈ ತೊಳೆಯುತ್ತಿರಬಹುದು. ಮೇಲ್ ತೆರೆದಳು. ಔಟ್‌ಬಾಕ್ಸು ಹಾಗೆಯೇ ಇತ್ತು.

"ಏನಮ್ಮಾ ಇದು, ಅಂಗಡಿಗೆ ಬೀಗ ಬಿದ್ದಿದೆಯಾ ತೆರೆದಿದೆಯಾ?"

ಅವಳು ಹೆದರಿ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಕೆಮ್ಮಿನ ಮೇಷ್ಟ್ರು ಒಳಗೆ ಬಂದು ನಿಂತಿದ್ದರು. ಗಂಟೆಗೆ ಬಟ್ಟೆ ಸುತ್ತಿದ್ದರಿಂದ ಬಂದದ್ದು ಗೊತ್ತಾಗಿರಲಿಲ್ಲ. ನಿವೃತ್ತರಾದ ಮೇಲೆ ಮೇಷ್ಟ್ರಿಗಿದ್ದ ದಿನಚರಿ ಎರಡೇ, ಒಂದು ಕೆಮ್ಮುವುದು, ಇನ್ನೊಂದು ಅದರ ಕಥೆ ಹೇಳುವುದು.

"ಗಾಳಿಗೆ ಗಂಟಲು ಕೆರೀತಿದೆ. ಆ ಜೇನಿನ ಗುಳಿಗೆ ಕೊಡು." ಅವಳ ಮುಖ ನೋಡಿ ಕೆಮ್ಮು ಮರೆತರು. "ಏನೇ ತಾಯಿ, ಸುಣ್ಣ ಬಳಿದ ಗೋಡೆ ಆಗಿದ್ದೀಯಲ್ಲೇ. ಔಷಧಿ ಕೊಡೋವ್ಳೋ ತಗೊಳ್ಳೋವ್ಳೋ?"

"ಏನಿಲ್ಲ ಮೇಷ್ಟ್ರೇ. ತಗೊಳ್ಳಿ. ಆಮೇಲೆ ಬನ್ನಿ."

"ನಿಮ್ಮ ಮಾವ ಎಲ್ಲಿ?"

"ಒಳಗೆ. ಮೌನದಲ್ಲಿದ್ದಾರೆ."

"ಓ, ಬೆರೆಸ್ತಿದ್ದೀಯೋ. ತಪ್ಪಾಯ್ತು, ತಪ್ಪಾಯ್ತು." ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ತುದಿಗಾಲಿನಲ್ಲಿ, ಪರೀಕ್ಷೆಯ ಕೋಣೆಯಿಂದ ಹೊರಡುವ ಹಾಗೆ ಹೊರಟುಹೋದರು. ಬೀದಿಗೆ ಇಳಿದ ಮೇಲೆ ತಡೆದಿಟ್ಟ ಕೆಮ್ಮನ್ನೆಲ್ಲ ಒಟ್ಟಿಗೆ ಕೆಮ್ಮಿದ್ದು ಕೇಳಿಸಿತು.

ಫೋನಿನಲ್ಲಿ ತಂತಿ ಇನ್ನೂ ಇದ್ದ. "ಅಕ್ಕಾ, ನಿಮ್ಮ ಮೊಬೈಲಿನಿಂದ, ನಿಮ್ಮದೇ ಸ್ವಂತ ವಿಳಾಸದಿಂದ ಕಳಿಸಿ ನೋಡಿ."

ಹೌದಲ್ಲ! ಯಾಕೆ ಹೊಳೆಯಲಿಲ್ಲ? ಬರೆದು ಕಳಿಸಿದಳು. ಹೋಯಿತು! ಸುಯ್ಯೆಂದು ಹೋಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಉದ್ದವಾಗಿ ಉಸಿರು ಬಿಟ್ಟಳು. ಆ ಉಸಿರು ಮುಗಿಯುವ ಮೊದಲೇ ಮೊಬೈಲು ನಡುಗಿತು. ಕಳಿಸಿದ್ದು ವಾಪಸು ಬಂದಿತ್ತು. ಪರಿಚಯದ ಪಟ್ಟಿಯಲ್ಲಿಲ್ಲದ ವಿಳಾಸ, ತಲುಪಿಸಲಾಗಿಲ್ಲ. ಯಾರೋ ಕಿಡಿಗೇಡಿಗಳು ಸುಳ್ಳು ಮೇಲ್ ಕಳಿಸಿ ತೊಂದರೆ ಕೊಟ್ಟ ಮೇಲೆ ಆ ಆಸ್ಪತ್ರೆ ಗುರುತಿನವರ ಮೇಲನ್ನು ಮಾತ್ರ ಒಳಗೆ ಬಿಡುತ್ತಿತ್ತು. ತಂತಿ ತನ್ನದರಿಂದ ಕಳಿಸಿದ್ದಕ್ಕೂ ಅದೇ ಗತಿಯಾಯಿತು.

"ಹಾಗಾದ್ರೆ ಅಂಗಡಿ ವಿಳಾಸದಿಂದಲೇ ಹೋಗ್ಬೇಕು," ಎಂದ ತಂತಿ. ಅವನ ದನಿಯಲ್ಲಿದ್ದ ನಗೆ ಆರಿತ್ತು. "ಪಾಸ್‌ವರ್ಡ್ ಹೇಳಿ. ನಾನು ಇಲ್ಲಿಂದಲೇ ಒಳಗೆ ಹೋಗಿ ಕಳಿಸ್ತೀನಿ."

"ಅದು ನನಗೆ ಗೊತ್ತಿಲ್ಲ. ಮಾವ ಹಾಕಿದ್ದು. ಯಂತ್ರಕ್ಕೇ ನೆನಪಿದೆ, ಅದು ಕೇಳೋದಿಲ್ಲ."

"ಸರಿ, ಮಾವನ್ನೇ ಕೇಳಿ."

ಅವಳು ಹಿಂದಿನ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದಳು.

"ಅಕ್ಕಾ? ಮಾವ ಊರಲ್ಲಿಲ್ವಾ?"

"ಇದ್ದಾರೆ."

"ಎಷ್ಟು ದೂರ?"

ಬಾಗಿಲು ಅವಳ ಕೈಗೆ ಎಟಕುವಷ್ಟು ದೂರದಲ್ಲಿತ್ತು. ಕಂದು ಬಣ್ಣದ ಬಾಗಿಲು. ಹಿಡಿಯ ಸುತ್ತ ಬಣ್ಣ ಸವೆದು ಮರ ಕಾಣುತ್ತಿತ್ತು.

ಅವಳಿಗಿಂತ ಮುಂಚೆ ಆ ಅಂಗಡಿಯಲ್ಲೊಬ್ಬ ಕಂಪೌಂಡರ್ ಇದ್ದ. ಕೆಲಸದಲ್ಲಿ ಚುರುಕು, ಮಾವನಿಗೆ ಮಗನಿಗಿಂತ ಹೆಚ್ಚು. ಅವನು ಒಂದು ದಿನ ಎರಡನೇ ಕಣ್ಣಿಗೆ ತೋರಿಸದೆ ಬಾಟಲಿ ಕಳಿಸಿದ. ಔಷಧಿ ಸರಿಯಾಗಿಯೇ ಇತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ಮಾವ ಅವನ ಕೋಟನ್ನು ಮಡಚಿ ಕೈಗೆ ಕೊಟ್ಟು, ಹೋಗಿ ಬಾ ಎಂದರಂತೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಈ ಕಥೆ ಹೇಳಿದ್ದರು. ಅತ್ತೆ ಈಗಿಲ್ಲ, ಕಥೆ ಇತ್ತು. ಸರಿ ಔಷಧಿ ಕಳಿಸಿದವನಿಗೇ ಆ ಗತಿಯಾದರೆ, ವಿಷದಂಥದ್ದನ್ನು ಕಳಿಸಿದವಳಿಗೆ? ಕೈಯಲ್ಲಿದ್ದ ಮಾರ್ಟರು ಹೋಗುತ್ತದೆ. ಅದು ಹೋಗಲಿ. ದಿನವೂ ಮೆಟ್ಟಿಲಿಳಿದು ಬಂದು "ಇವತ್ತು ಯಾರದಮ್ಮಾ" ಎಂದು ಕೇಳುವ ದನಿ ಇನ್ನು ಯಾವ ಥರ ಕೇಳೀತು? ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡುಕೊಂಡು, ಆ ಮುಖವನ್ನು ದಿನಾ ಹೇಗೆ ನೋಡುವುದು?

ಇಷ್ಟೆಲ್ಲ ಯೋಚಿಸುತ್ತಿದ್ದೇನಲ್ಲ ಎಂಬುದು ಹೊಳೆದದ್ದೇ ಅವಳಿಗೆ ಇನ್ನೊಂದು ಹೆದರಿಕೆ ಹಿಡಿಯಿತು. ಬೆಳಗಿನಿಂದ ಅವಳು ಯಾವುದಕ್ಕೆ ನಡುಗುತ್ತಿದ್ದಳು? ಪುಟ್ಟನಿಗೇ ಆಗಿದ್ದರೆ ಪೆಟ್ಟಿಗೆ ಕಂಡ ಗಳಿಗೆಯಲ್ಲೇ ಈ ಬಾಗಿಲನ್ನು ಬಡಿಯಬೇಕಿತ್ತು. ಪಿಸುಗುಟ್ಟಿದ್ದು ಯಾಕೆ? ಮಗುವಿನ ಪ್ರಾಣ ಒಂದು ಕಡೆ, ತನ್ನ ಮಾನ ಇನ್ನೊಂದು ಕಡೆ ಇಟ್ಟುಕೊಂಡು ಇಷ್ಟು ಹೊತ್ತು ತೂಗುತ್ತ ಕೂತಿದ್ದೆನಾ? ತನ್ನೊಳಗೆ ಇಂಥವಳೊಬ್ಬಳು ಇದ್ದಾಳೆಂದು ಅವಳಿಗೆ ಗೊತ್ತಿರಲಿಲ್ಲ. ಆ ಒಳಗಿನವಳ ಎದುರು ನಿಲ್ಲುವುದಕ್ಕಿಂತ ಮಾವನ ಎದುರು ನಿಲ್ಲುವುದೇ ಲೇಸು ಎನಿಸಿತು.

ಬಾಗಿಲು ತಳ್ಳಿದಳು.

ಮಾವ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದರು. ತುಟಿ ಸಣ್ಣಗೆ ಆಡುತ್ತಿತ್ತು. ಕಿವಿ ಈಚೆಗೆ ಮಂದವಾಗಿದ್ದರೂ ಬಾಗಿಲಿನ ಗಾಳಿ ಮುಖಕ್ಕೆ ಬಡಿದು ಗೊತ್ತಾಯಿತು. ಕಣ್ಣು ತೆರೆಯದೆಯೇ ಕೇಳಿದರು. "ಆಯ್ತಾ?"

"ಇಲ್ಲ ಮಾವ. ಆಗಲಿಲ್ಲ."

ಕಣ್ಣು ತೆರೆದರು.

"ನಿನ್ನೆ ಪುಟ್ಟನ ಬಾಟಲಿ ನಾನು ನಿಮಗೆ ತೋರಿಸಲಿಲ್ಲ. ಹೊಸ ಪೆಟ್ಟಿಗೆ ನಾಲ್ಕು ಪಟ್ಟು ಬಲದ್ದು. ನಾನು ಅಂಕಿ ನೋಡಲಿಲ್ಲ. ಮಧ್ಯಾಹ್ನ ಹಾಲಿಗೆ ಮುಂಚೆ ಕೊಡ್ತಾರೆ. ಫೋನ್ ಇಲ್ಲ, ದೋಣಿ ಇಲ್ಲ, ಮೇಲ್ ಮಾಡಿದ್ದೀನಿ, ಅದು ಹೋಗ್ತಿಲ್ಲ. ಪಾಸ್‌ವರ್ಡ್ ಹೇಳಿ ಮಾವ." ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಮುದುಕರು ಏಳುವುದಕ್ಕೆ ಯಾವಾಗಲೂ ಗೋಡೆ ಬೇಕು, ಕೋಲು ಬೇಕು, ಒಂದೆರಡು ನಿಟ್ಟುಸಿರು ಬೇಕು. ಆ ಹೊತ್ತು ಅದೇನೂ ಬೇಕಾಗಲಿಲ್ಲ. ಅವಳನ್ನು ದಾಟಿಕೊಂಡು ನೇರ ಕಂಪ್ಯೂಟರಿಗೆ ಹೋದರು. ಬಗ್ಗಿ ಮೌಸು ಹಿಡಿದರು. ಕೈ ನಡುಗಿ ಬಾಣದ ಗುರುತು ಅತ್ತಿತ್ತ ಓಡಾಡಿತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡರು.

"ಹೋಗೋದಿಲ್ಲಮ್ಮಾ," ಎಂದರು. "ಹೇಗೆ ಹೋದೀತು? ನಾನು ಮುಚ್ಚಿದ್ದೀನಲ್ಲ."

"ಏನು?"

"ನೀನು ಬೆರೆಸೋವಾಗ ಇದು ಟಿಂಗ್ ಟಿಂಗ್ ಅಂತಿರುತ್ತೆ ಅಂತ ಮೇಲನ್ನ ಮಾತ್ರ ಆಫ್‌ಲೈನ್ ಮಾಡಿಡ್ತೀನಿ. ದಿನಾ ಮಾಡ್ತೀನಿ. ಆರಿಸಿ ಹಾಕಿದ್ರೂ ಹಾಗೇ ಇರುತ್ತೆ. ನೀನು ಆಯ್ತು ಅಂದ ಮೇಲೆ ತೆಗೀತೀನಿ. ಇವತ್ತು ನೀನು ಅನ್ನಲೇ ಇಲ್ಲ."

ಅವಳು ಅಂದಿರಲಿಲ್ಲ. ಬೆರೆಸುವುದನ್ನು ಶುರುವೇ ಮಾಡದವಳು ಆಯ್ತು ಅನ್ನುವುದಾದರೂ ಹೇಗೆ? ರೇಡಿಯೊ ಗೊತ್ತಿತ್ತು, ಗಂಟೆಯ ಬಟ್ಟೆ ಗೊತ್ತಿತ್ತು. ಕಂಪ್ಯೂಟರಿನಲ್ಲಿ ಸದ್ದನ್ನಷ್ಟೇ ಇಳಿಸುತ್ತಾರೆ ಎಂದು ತಿಳಿದಿದ್ದಳು. ಅವಳು ಬೆನ್ನು ತಿರುಗಿಸಿ ಕೈ ತೊಳೆಯುವ ಹೊತ್ತಿಗೆ ಮುದುಕರು ಯಂತ್ರದ ನಾಲಿಗೆಯನ್ನೇ ಕಟ್ಟಿಡುತ್ತಿದ್ದರು.

ಮೌಸು ಟಿಕ್ಕೆಂದಿತು.

ಔಟ್‌ಬಾಕ್ಸಿನಲ್ಲಿ ಸಾಲು ನಿಂತಿದ್ದ ಮೇಲುಗಳು ಒಂದರ ಹಿಂದೊಂದು ಹೊರಟವು. ಮೊದಲನೆಯದು, ಫೋಟೊ ಹೊತ್ತದ್ದು, ಕುಂಟುತ್ತ ಹೋಯಿತು. ಉಳಿದವು ಅದರ ಬೆನ್ನಿಗೆ ಓಡಿದವು. ಔಟ್‌ಬಾಕ್ಸು ಖಾಲಿಯಾಯಿತು.

ಮೇಜಿನ ಮೇಲಿದ್ದ ಮೊಬೈಲಿನಿಂದ ತಂತಿ ಕೂಗುತ್ತಿದ್ದ. "ಅಕ್ಕಾ, ಏನಾಯ್ತು? ಹೋಯ್ತಾ?"

"ಹೋಯ್ತು ಕಣಪ್ಪಾ. ಆಫ್‌ಲೈನಲ್ಲಿತ್ತು."

"ಅಯ್ಯಯ್ಯೋ ನನ್ನ ತಲೆಗಿಷ್ಟು! ಅದನ್ನೇ ಮೊದಲು ಕೇಳಬೇಕಿತ್ತು. ಅಲ್ಲಕ್ಕಾ, ಬೇಕೂಂತ ಯಾರಾದ್ರೂ ಹಾಗೆ ಇಡ್ತಾರಾ?"

"ನಾನು ಇಡ್ತೀನಪ್ಪಾ," ಎಂದರು ಮಾವ ಮೊಬೈಲಿನ ಕಡೆ ಬಗ್ಗಿ. ತಂತಿ ಫೋನಿಟ್ಟುಬಿಟ್ಟ.

ಹೋಯಿತು, ನಿಜ. ಹೋದದ್ದು ತಲುಪಿತೇ? ತಲುಪಿದ್ದನ್ನು ಯಾರಾದರೂ ನೋಡಿದರೇ? ದಾದಿಯರು ಕಂಪ್ಯೂಟರ್ ಕಾಯುತ್ತ ಕೂರುವವರಲ್ಲ. ಮಹಡಿಯ ತಟ್ಟೆ ಈ ಗಾಳಿಗೆ ಇನ್ನೂ ನಿಂತಿದೆಯೇ? ಇಬ್ಬರೂ ಪರದೆಯ ಮುಂದೆ ಕೂತರು. ಬಿಸಿಲು ರಸ್ತೆಯ ಅರ್ಧ ದಾಟಿತ್ತು. ಒಬ್ಬರು ಬಂದು ಏನೋ ಕೇಳಿದರು, ಮಾವ ತಲೆಯಾಡಿಸಿ ಕಳಿಸಿದರು. ಅವಳಿಗೆ ಪ್ರಾರ್ಥನೆಯ ಒಂದು ಮಾತೂ ನೆನಪಾಗಲಿಲ್ಲ. ಪುಟ್ಟನ ತೂಕವೊಂದೇ ಮತ್ತೆ ಮತ್ತೆ ಬಾಯಿಗೆ ಬರುತ್ತಿತ್ತು. ದೇವರಿಗೆ ಅದು ಪ್ರಾರ್ಥನೆಯೆಂದು ಕೇಳಿಸಿತೋ ಏನೋ, ಅದನ್ನೇ ಹೇಳುತ್ತ ಕೂತಳು. ಮಾವ ಕೇಳಿಸಿಕೊಂಡು, ಅವರೂ ಅದನ್ನೇ ಹೇಳತೊಡಗಿದರು.

ಟಿಂಗ್ ಎಂದಿತು.

ಓದಲು ಅವಳ ಕಣ್ಣು ಒಪ್ಪಲಿಲ್ಲ. ಮಾವ ಕನ್ನಡಕ ಏರಿಸಿಕೊಂಡು ಓದಿದರು.

"ಸಿರಿಂಜಿಗೆ ಎಳೆದು ಮಂಚದ ಹತ್ತಿರ ನಿಂತಿದ್ದೆ. ಹಿಂದೆ ಯಂತ್ರ ಟಿಂಗ್ ಅಂತು, ಸುಮ್ಮನಿದ್ದೆ. ಮತ್ತೆ ಮತ್ತೆ ಟಿಂಗ್ ಟಿಂಗ್ ಅಂತಾನೇ ಇತ್ತು. ಇದೇನಪ್ಪಾ ಕೊರಳು ಹಿಸುಕಿದ ಹಾಗೆ ಕೂಗ್ತಿದೆ ಅಂತ ನೋಡೋಕೆ ಬಂದೆ. ಎಳೆದದ್ದನ್ನ ಚೆಲ್ಲಿದ್ದೀನಿ. ಹಳೇದರಲ್ಲಿ ನಾಳೆವರೆಗೆ ಸಾಲುವಷ್ಟಿದೆ. ಮಗು ಹಾಲು ಕುಡಿದು ಮಲಗಿದೆ. ಡಾಕ್ಟರು ಏನಾಯ್ತು ಅಂತ ಪೂರ್ತಿ ಬರೆದು ಕಳಿಸಿ ಅಂದಿದ್ದಾರೆ."

ಸೊಸೆ ಮೇಜಿನ ಮೇಲೆ ತಲೆಯಿಟ್ಟಳು. ಅಳು ಬಂದೀತು ಎಂದುಕೊಂಡಿದ್ದಳು, ಬರಲಿಲ್ಲ. ಚಳಿ ಬಂತು. ಹಲ್ಲು ಕಟಕಟ ಎನ್ನುವಂಥ ಚಳಿ. ಮಾವ ಗಂಟೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ, ಬೇರೇನೂ ಕೈಗೆ ಸಿಗದೆ, ಅದನ್ನೇ ಅವಳ ಹೆಗಲಿಗೆ ಹೊದಿಸಿದರು. ಅದು ಅಂಗೈಯಗಲದ್ದು, ಒಂದು ಹೆಗಲನ್ನೂ ಮುಚ್ಚಲಿಲ್ಲ.

"ನಿನ್ನೆ ಎಬ್ಬಿಸಬೇಕಿತ್ತು," ಎಂದರು.

"ಈಗ ತಾನೇ ನಿದ್ದೆ ಹತ್ತಿತ್ತಲ್ಲ ಅಂತ..."

"ನಾನು ಸತ್ತಿದ್ರೂ ಒಂದ್ಸಲ ಅಲುಗಾಡಿಸಿ ನೋಡ್ಬೇಕಿತ್ತು."

ಅವಳಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ತಲೆ ಎತ್ತದೆಯೇ ಕೇಳಿದಳು. "ಮಾವ, ಆ ಕಂಪೌಂಡರನ್ನ ಕಳಿಸಿಬಿಟ್ರಂತಲ್ಲ."

"ಹೂಂ."

"ಅವನು ತೋರಿಸದೆ ಕಳಿಸಿದ್ದಕ್ಕೆ."

ಮಾವ ಕುರ್ಚಿ ಎಳೆದುಕೊಂಡು ಕೂತರು. "ನಿಮ್ಮತ್ತೆ ಕಥೆ ಅರ್ಧ ಹೇಳಿದ್ದಾಳೆ. ತೋರಿಸದೇ ಕಳಿಸಿದ್ದಕ್ಕಲ್ಲ. ತೋರಿಸಿದ್ಯಾ ಅಂತ ಕೇಳಿದೆ. ತೋರಿಸಿದೆ, ನಿಮಗೇ ನೆನಪಿಲ್ಲ ಅಂದ." ಕನ್ನಡಕ ತೆಗೆದು ಒರೆಸಿದರು. "ನನ್ನ ಕಣ್ಣಿನ ಮೇಲೇ ನನಗೆ ಅನುಮಾನ ಹುಟ್ಟೋ ಹಾಗೆ ಮಾಡಿದ. ಆಮೇಲೆ ಅವನ ಜೊತೆ ಕೆಲಸ ಮಾಡೋದು ಹೇಗೆ?"

ಹೊರಗೆ ಗಾಳಿ ಹಾಗೆಯೇ ಇತ್ತು.

"ಡಾಕ್ಟರಿಗೆ ನಾನು ಬರೀಲಾ?" ಎಂದರು ಮಾವ. "ನನ್ನ ಅಂಗಡಿ. ಮೌನ ಹಾಕಿದ್ದೂ ನಾನೇ."

"ಬೇಡ ಮಾವ. ಮೌನದ ಮಾತು ಬೇಕಾದ್ರೆ ಕೊನೇಲಿ ನೀವು ಸೇರಿಸಿ. ಪೆಟ್ಟಿಗೆಯದು ನಾನೇ ಬರೀತೀನಿ."

ಬರೆದಳು. ಅಂಕಿ ನೋಡದ್ದು, ಎಬ್ಬಿಸದ್ದು, ಬಾಗಿಲ ಮುಂದೆ ನಿಂತು ಹೊತ್ತು ಕಳೆದದ್ದು, ಒಂದನ್ನೂ ಬಿಡಲಿಲ್ಲ. ಕಡೆಯದನ್ನು ಬರೆಯುವಾಗ ಕೈ ಎರಡು ಸಲ ಅಳಿಸಿ, ಮೂರನೇ ಸಲ ಹಾಗೆಯೇ ಬಿಟ್ಟಿತು. ಆ ಆಸ್ಪತ್ರೆ ಇನ್ನು ತಮಗೆ ಕೆಲಸ ಕೊಟ್ಟೀತೋ ಇಲ್ಲವೋ ಎಂಬ ಭಯ ಕಳಿಸುವ ಗಳಿಗೆಯಲ್ಲೂ ಇತ್ತು. ಕಳಿಸಿದ ಮೇಲೂ ಇತ್ತು. ಆದರೆ ಈ ಭಯವನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡಬಹುದಿತ್ತು.

ಆಮೇಲೆ ಅವಳು ಕೈ ತೊಳೆದಳು. ಮಾವ ಮೌನ ಹಾಕಿದರು. ಈ ಸಲ ಕಂಪ್ಯೂಟರಿನ ಸದ್ದು ಇಳಿಸಿ, ಅವಳನ್ನು ಕರೆದು ತೋರಿಸಿ, ಹಿಂದಿನ ಕೋಣೆಗೆ ಹೋದರು. ಅವಳಿ ಮಕ್ಕಳದೂ ಪುಟ್ಟನದೂ ಹೊಸದಾಗಿ ಬೆರೆತವು. ಆಯ್ತು ಎಂದಾಗ ಮಾವ ಬಂದು ಪೆಟ್ಟಿಗೆ, ಲೆಕ್ಕ, ಬಾಟಲಿ ಎಲ್ಲವನ್ನೂ ಮೊದಲ ದಿನದ ಶಿಷ್ಯನ ಹಾಗೆ ನಿಧಾನವಾಗಿ ನೋಡಿದರು.

ಮರುದಿನ ಬೆಳಗ್ಗೆ ಕಡಲು ತನಗೇನೂ ಗೊತ್ತೇ ಇಲ್ಲವೆಂಬಂತೆ ಬಿದ್ದುಕೊಂಡಿತ್ತು. ಮೊದಲ ದೋಣಿ ಬಂದು ದಕ್ಕೆಗೆ ತಗುಲಿದಾಗ ಸೊಸೆ ಅಲ್ಲಿ ನಿಂತಿದ್ದಳು. ದೋಣಿಯವನು ಹಗ್ಗ ಬಿಗಿದು, ಅಂಗಿಯೊಳಗಿನಿಂದ ಬಟ್ಟೆಯಲ್ಲಿ ಸುತ್ತಿದ್ದನ್ನು ತೆಗೆದು ಅವಳಿಗೆ ಕೊಟ್ಟ. ಸಿಸ್ಟರ್ ಕೊಟ್ಟದ್ದು ಎಂದಷ್ಟೇ ಹೇಳಿದ. ಬಿಚ್ಚಿ ನೋಡಿದಳು. ಅವಳೇ ಅಂಟಿಸಿದ್ದ ಪಟ್ಟಿ ಹರಿದಿತ್ತು. ಪಾಕ ಬಾಟಲಿಯ ಕತ್ತಿನಿಂದ ಒಂದು ಸಿರಿಂಜಿನಷ್ಟು ಕೆಳಗಿಳಿದಿತ್ತು. ಆ ಸಣ್ಣ ಖಾಲಿ ಜಾಗವನ್ನು ಬಿಸಿಲಿಗೆ ಹಿಡಿದು ಅವಳು ಬಹಳ ಹೊತ್ತು ನೋಡಿದಳು.

ದೋಣಿಯವನು ಕಾದು ನಿಂತಿದ್ದ. ಹಗ್ಗ ಬಿಚ್ಚುವ ಹೊತ್ತಾಗಿತ್ತು. ಅವಳು ಆ ಬಾಟಲಿಯನ್ನು ಚೀಲದಲ್ಲಿಟ್ಟು, ಪುಟ್ಟನಿಗೆ ಸಲ್ಲಬೇಕಾದ ಹೊಸ ಬಾಟಲಿಯನ್ನು ತೆಗೆದು, ಅವನ ಅಂಗೈಯಲ್ಲಿಟ್ಟಳು.